ಕಠಿಣ ಯಾರಿಗೆ? ಕ್ಯಾಟ್ ಪತ್ರಿಕೆಯನ್ನು ಕುರಿತು ಶಕ್ತಿನಗರದ ಒಂದು ಸಂವಾದ

ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿನ, ಸಂಕ್ಷೇಪವಾಗಿ ಐಐಎಂ ಎನ್ನಿಸಿಕೊಳ್ಳುವ ಸಂಸ್ಥೆಗಳು ತಮ್ಮ ಸ್ನಾತಕೋತ್ತರ ತರಗತಿಗಳ ಪ್ರವೇಶಕ್ಕಾಗಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ತಿಂಗಳ ಕೊನೆಯ ರವಿವಾರ, ನಡೆಸುವ ಕಾಮನ್ ಅಡ್ಮಿಷನ್ ಟೆಸ್ಟ್ ಜನರ ಬಾಯಲ್ಲಿ ಕ್ಯಾಟ್ ಎಂದೇ ಬಳಕೆಯಲ್ಲಿದೆ. ಪರೀಕ್ಷೆ ಮುಗಿದ ಸಂಜೆಯೇ ತರಬೇತಿ ಸಂಸ್ಥೆಗಳು ಪತ್ರಿಕೆಯ ವಿಶ್ಲೇಷಣೆಯನ್ನು ಹೊರಡಿಸಿ, ಯಾವ ಪಾಳಿ ಸುಲಭ, ಯಾವುದು ಮಧ್ಯಮ, ಯಾವುದು ಕಠಿಣ ಎಂದು ತೀರ್ಪು ಕೊಡುವುದು ವಾಡಿಕೆಯಾಗಿದ್ದು, ಪರೀಕ್ಷಾ ನಗರಗಳಲ್ಲಿ ಒಂದಾದ ಮಂಗಳೂರಿನಲ್ಲೂ ಆ ತೀರ್ಪಿಗಾಗಿ ಕಾಯುವವರಿಗೆ ಕೊರತೆಯಿಲ್ಲ. ಈ 'ಕಠಿಣ' ಎಂಬ ಮಾತಿಗೆ ಅಳೆದು ಹೇಳಬಹುದಾದ ಅರ್ಥವೇನಾದರೂ ಇದೆಯೇ ಎಂಬುದು ಕೆಳಗಿನ ಸಂವಾದದ ವಸ್ತು. ಮಾತನಾಡುವವರಿಬ್ಬರೂ ನಗರದ ಪೂರ್ವ ಭಾಗದ ಶಕ್ತಿನಗರದವರು. ಒಬ್ಬರು ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದ ಅಧ್ಯಾಪಕಿ, ಇನ್ನೊಬ್ಬಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದು ಪರೀಕ್ಷೆಗೆ ಸಿದ್ಧಳಾಗುತ್ತಿರುವ ವಿದ್ಯಾರ್ಥಿನಿ.

ವಿದ್ಯಾರ್ಥಿನಿ: ಮೇಡಂ, ಒಂದೇ ದಿನ ಮೂರು ಪಾಳಿಗಳಲ್ಲಿ ನಡೆದ ಪರೀಕ್ಷೆಯನ್ನು ನೋಡಿ ಒಂದು ಸಂಸ್ಥೆ ಬೆಳಗಿನ ಪತ್ರಿಕೆ ಕಠಿಣವೆನ್ನುತ್ತದೆ, ಇನ್ನೊಂದು ಸಂಜೆಯದೇ ಕಠಿಣವೆನ್ನುತ್ತದೆ, ಪರೀಕ್ಷೆ ಬರೆದವರನ್ನು ಕೇಳಿದರೆ ಪ್ರತಿಯೊಬ್ಬರೂ ತಮ್ಮ ಪಾಳಿಯೇ ಎಲ್ಲಕ್ಕಿಂತ ಕಠಿಣವಾಗಿತ್ತು ಎನ್ನುತ್ತಾರೆ. ಒಂದು ಪ್ರಶ್ನೆ ಕಠಿಣವೋ ಸುಲಭವೋ ಎಂಬುದನ್ನು ಅಭಿಪ್ರಾಯಕ್ಕೆ ಬಿಡದೆ ನಿಶ್ಚಯಿಸುವ ಕ್ರಮ ಸಂಖ್ಯಾಶಾಸ್ತ್ರದಲ್ಲಿ ಇಲ್ಲವೇ?

ಅಧ್ಯಾಪಕಿ: ಇದೆ, ಆದರೆ ಆ ಕ್ರಮವು ಪ್ರಶ್ನೆಯ ಮುಖವನ್ನು ನೋಡುವುದೇ ಇಲ್ಲ, ಉತ್ತರಿಸಿದವರ ಮುಖವನ್ನು ನೋಡುತ್ತದೆ. ಪರೀಕ್ಷೆಗಳ ಹಳೆಯ ಸಿದ್ಧಾಂತದಲ್ಲಿ ಒಂದು ಪ್ರಶ್ನೆಗೆ ನೂರು ಮಂದಿಯಲ್ಲಿ ತೊಂಬತ್ತು ಮಂದಿ ಸರಿಯುತ್ತರ ಕೊಟ್ಟರೆ ಅದರ ಸೂಚಿ 0.9 ಎಂದೂ, ಹತ್ತೇ ಮಂದಿ ಕೊಟ್ಟರೆ 0.1 ಎಂದೂ ಬರೆಯುತ್ತಾರೆ. ಸೂಚಿ ಏರಿದಷ್ಟೂ ಪ್ರಶ್ನೆ ಸುಲಭ. ಅದೇ ಪ್ರಶ್ನೆಯನ್ನು ಸುರತ್ಕಲ್ಲಿನ ಎನ್‌ಐಟಿಕೆಯ ಇಂಜಿನಿಯರಿಂಗ್ ತರಗತಿಯಲ್ಲಿ ಕೇಳಿದರೆ ಬರುವ ಸೂಚಿಯೇ ಬೇರೆ, ನಗರದ ಒಂದು ವಾಣಿಜ್ಯ ಪದವಿ ತರಗತಿಯಲ್ಲಿ ಕೇಳಿದರೆ ಬರುವ ಸೂಚಿಯೇ ಬೇರೆ. ಹಾಗಾಗಿ ಸೂಚಿಯು ಪ್ರಶ್ನೆಯೊಂದರ ಗುಣವನ್ನಷ್ಟೇ ಹೇಳುವುದಲ್ಲ, ಪ್ರಶ್ನೆಗೂ ಅದನ್ನು ಎದುರಿಸಿದ ಗುಂಪಿಗೂ ನಡುವೆ ಇರುವ ಸಂಬಂಧವನ್ನು ಹೇಳುತ್ತದೆ. ಡೆನ್ಮಾರ್ಕಿನ ಗಣಿತಜ್ಞ ಗೆಯೋರ್ಗ್ ರಾಶ್ 1960ರಲ್ಲಿ ಪ್ರಕಟಿಸಿದ ಮಾದರಿಯು ಈ ಎರಡನ್ನು ಬಿಡಿಸಿ, ಪ್ರಶ್ನೆಯ ಕಾಠಿಣ್ಯ ಮತ್ತು ಅಭ್ಯರ್ಥಿಯ ಸಾಮರ್ಥ್ಯವನ್ನು ಒಂದೇ ಅಳತೆಗೋಲಿನ ಮೇಲೆ ಬೇರೆಬೇರೆಯಾಗಿ ಗುರುತಿಸಲು ಯತ್ನಿಸಿತು. ಅಭ್ಯರ್ಥಿಯ ಉತ್ತರವನ್ನು ನೋಡಿ ಮುಂದಿನ ಪ್ರಶ್ನೆಯನ್ನು ಕಂಪ್ಯೂಟರೇ ಆರಿಸುವ ಜಿಮ್ಯಾಟ್‌ನಂಥ ಪರೀಕ್ಷೆಗಳು ನಿಂತಿರುವುದು ಇದೇ ಬಗೆಯ ಮಾದರಿಗಳ ಮೇಲೆ. ಕ್ಯಾಟ್ ಕಂಪ್ಯೂಟರಿನಲ್ಲಿ ನಡೆದರೂ ಆ ಜಾತಿಯದಲ್ಲ. ಒಂದು ಪಾಳಿಯಲ್ಲಿ ಕುಳಿತ ಎಲ್ಲರ ಮುಂದೆ ಅದು ಅದದೇ ಪ್ರಶ್ನೆಗಳನ್ನು ಇಡುತ್ತದೆ.

ವಿದ್ಯಾರ್ಥಿನಿ: ಹಾಗಿದ್ದರೆ ಪರೀಕ್ಷೆ ನಡೆಸುವವರು ಒಂದು ವರ್ಷ ಬೇಕೆಂದೇ ಪತ್ರಿಕೆಯನ್ನು ಬಿಗಿ ಮಾಡಿದರು, ಇನ್ನೊಂದು ವರ್ಷ ಸಡಿಲಿಸಿದರು ಎಂಬ ಮಾತಿಗೆ ಬೆಲೆಯೇ ಇಲ್ಲವೆಂದಾಗುವುದಿಲ್ಲವೇ?

ಅಧ್ಯಾಪಕಿ: ಫಲಿತಾಂಶದ ಮಟ್ಟಿಗೆ ಬೆಲೆ ತೀರಾ ಕಡಿಮೆ, ಮತ್ತು ಇದನ್ನು ಪ್ರಕಟವಾದ ಅಂಕಿಗಳಿಂದಲೇ ತೋರಿಸಬಹುದು. ಕ್ಯಾಟ್ ಕೊಡುವ ಮುಖ್ಯ ಫಲ ಪರ್ಸೆಂಟೈಲ್, ಅಂದರೆ ಪರೀಕ್ಷೆಗೆ ಕುಳಿತ ಒಟ್ಟು ಜನರಲ್ಲಿ ಶೇಕಡಾ ಎಷ್ಟು ಮಂದಿ ಒಬ್ಬ ಅಭ್ಯರ್ಥಿಗಿಂತ ಕೆಳಗಿದ್ದಾರೆ ಎಂಬ ಲೆಕ್ಕ. 2024ರ ನವೆಂಬರ್ 24ರಂದು ಐಐಎಂ ಕಲ್ಕತ್ತಾ ನಡೆಸಿದ ಪರೀಕ್ಷೆಗೆ ಸುಮಾರು 2.93 ಲಕ್ಷ ಮಂದಿ ಹಾಜರಾದರು, 14 ಮಂದಿಗೆ 100 ಪರ್ಸೆಂಟೈಲ್ ಬಂತು. ಅದರ ಹಿಂದಿನ ವರ್ಷ ಐಐಎಂ ಲಖನೌ ನಡೆಸಿದಾಗ 2.88 ಲಕ್ಷ ಮಂದಿ ಬರೆದರು, ಆಗಲೂ 14 ಮಂದಿ. 2022ರಲ್ಲಿ ಐಐಎಂ ಬೆಂಗಳೂರು ನಡೆಸಿದಾಗ 2.22 ಲಕ್ಷ ಮಂದಿಗೆ 11, 2021ರಲ್ಲಿ 1.92 ಲಕ್ಷಕ್ಕೆ 9, 2020ರಲ್ಲಿ 1.90 ಲಕ್ಷಕ್ಕೆ 9, 2019ರಲ್ಲಿ 2.09 ಲಕ್ಷಕ್ಕೆ 10. ಈ ಸಾಲಿನಲ್ಲಿ ಏನು ಕಾಣಿಸುತ್ತದೆ?

ವಿದ್ಯಾರ್ಥಿನಿ: ಬರೆದವರು ಹೆಚ್ಚಾದರೆ ನೂರು ಪಡೆದವರೂ ಹೆಚ್ಚಾಗಿದ್ದಾರೆ, ಇಳಿದರೆ ಅವರೂ ಇಳಿದಿದ್ದಾರೆ. ಆದರೆ ನೂರು ಎಂಬುದು ಎಲ್ಲ ಉತ್ತರಗಳನ್ನೂ ಸರಿಯಾಗಿ ಬರೆದವರಿಗೆ ಸಿಗುವುದಲ್ಲವೇ? ಪತ್ರಿಕೆ ಸುಲಭವಾದ ವರ್ಷ ಅಂಥವರು ಹೆಚ್ಚಬೇಕಿತ್ತು.

ಅಧ್ಯಾಪಕಿ: ತಪ್ಪು ತಿಳುವಳಿಕೆ ಹುಟ್ಟುವುದು ಅಲ್ಲೇ. ಪರ್ಸೆಂಟೈಲನ್ನು ಎರಡು ದಶಮಾಂಶ ಸ್ಥಾನಗಳಿಗೆ ಸರಿಹೊಂದಿಸುವುದರಿಂದ 99.995 ಅಥವಾ ಅದಕ್ಕಿಂತ ಮೇಲಿನದೆಲ್ಲ 100 ಆಗಿಬಿಡುತ್ತದೆ, ಅಂದರೆ ಪ್ರತಿ 20,000 ಮಂದಿಗೆ ಒಬ್ಬರಂತೆ ಆ ಸ್ಥಾನ ಮೊದಲೇ ಮೀಸಲಾಗಿದೆ. 2.93 ಲಕ್ಷವನ್ನು 20,000ದಿಂದ ಭಾಗಿಸಿದರೆ 14.65, 2.88 ಲಕ್ಷವನ್ನು ಭಾಗಿಸಿದರೆ 14.4, 2.22 ಲಕ್ಷಕ್ಕೆ 11.1, 1.92 ಲಕ್ಷಕ್ಕೆ 9.6, 1.90 ಲಕ್ಷಕ್ಕೆ 9.5, 2.09 ಲಕ್ಷಕ್ಕೆ 10.45. ದಶಮಾಂಶವನ್ನು ಕೈಬಿಟ್ಟರೆ ಉಳಿಯುವುದು 14, 14, 11, 9, 9, 10, ಅಂದರೆ ಫಲಿತಾಂಶ ಬಂದಾಗ ಸುದ್ದಿಪತ್ರಿಕೆಗಳಲ್ಲಿ ಅಚ್ಚಾದ ಅದೇ ಸಂಖ್ಯೆಗಳು. ಈ ಆರು ವರ್ಷಗಳಲ್ಲಿ ಪರೀಕ್ಷೆಯ ಅವಧಿ ಬದಲಾಯಿತು, ಪ್ರಶ್ನೆಗಳ ಸಂಖ್ಯೆ ನೂರರಿಂದ ಅರವತ್ತಾರಕ್ಕೆ ಇಳಿಯಿತು, ಭಾಷೆ, ತರ್ಕ, ಗಣಿತ ಎಂಬ ಮೂರು ವಿಭಾಗಗಳಲ್ಲಿ ತರ್ಕದ್ದು ಕೆಲವು ವರ್ಷ ಕಣ್ಣೀರು ತರಿಸಿತು ಎಂದು ಜನ ದೂರಿದರು. ಯಾವುದೂ ಆ ಸಂಖ್ಯೆಯನ್ನು ಅಲುಗಾಡಿಸಲಿಲ್ಲ. ಹಾಜರಿ ಪಟ್ಟಿಯನ್ನಷ್ಟೇ ನೋಡಿ, ಪತ್ರಿಕೆಯನ್ನು ತೆರೆಯದೆಯೇ, ಎಷ್ಟು ಮಂದಿಗೆ 100 ಬರುತ್ತದೆಂದು ಲೆಕ್ಕ ಹಾಕಬಹುದಿತ್ತು.

ವಿದ್ಯಾರ್ಥಿನಿ: ಆಗ ಹಸಿ ಅಂಕ, ಅಂದರೆ ಸರಿಯುತ್ತರಕ್ಕೆ ಮೂರರಂತೆ ಕೂಡಿಸಿ ತಪ್ಪುತ್ತರಕ್ಕೆ ಒಂದರಂತೆ ಕಳೆದು ಬರುವ ಮೊತ್ತ, ಎಷ್ಟೇ ಕಡಿಮೆಯಾದರೂ ಭಯಪಡಬೇಕಿಲ್ಲವೆಂದಾಯಿತು.

ಅಧ್ಯಾಪಕಿ: ಉಳಿದವರದೂ ಅಷ್ಟೇ ಕಡಿಮೆಯಾಗಿದ್ದರೆ ಖಂಡಿತ ಬೇಕಿಲ್ಲ. 66 ಪ್ರಶ್ನೆಗಳ ಪತ್ರಿಕೆಗೆ ಒಟ್ಟು ಅಂಕ 198. ಅದರ ಅರ್ಧದ ಆಸುಪಾಸಿನಲ್ಲೇ 99 ಪರ್ಸೆಂಟೈಲನ್ನು ಮುಟ್ಟಿದವರು ಇತ್ತೀಚಿನ ವರ್ಷಗಳಲ್ಲಿ ಸಾಕಷ್ಟಿದ್ದಾರೆ. ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿಗಳಲ್ಲಿ ಶೇಕಡಾ ಐವತ್ತು ಎಂದರೆ ಮನೆಯಲ್ಲಿ ಮಾತು ಕೇಳಬೇಕಾದ ಅಂಕ, ಅದೇ ಐವತ್ತು ಇಲ್ಲಿ ಮೂರು ಲಕ್ಷದಲ್ಲಿ ಮೊದಲ ಮೂರು ಸಾವಿರದೊಳಗಿನ ಸ್ಥಾನ. ಹತ್ತು ಹನ್ನೆರಡು ವರ್ಷ 'ಎಷ್ಟು ಬಿಟ್ಟುಹೋಯಿತು' ಎಂದು ಎಣಿಸುತ್ತ ಬೆಳೆದ, ದಕ್ಷಿಣ ಕನ್ನಡದಂಥ ಫಲಿತಾಂಶದ ಅಭಿಮಾನವುಳ್ಳ ಜಿಲ್ಲೆಯ ಮಕ್ಕಳಿಗೆ ಈ ಪರೀಕ್ಷೆ ಕೊಡುವ ಮೊದಲ ಪೆಟ್ಟು ಗಣಿತದ್ದಲ್ಲ, ಈ ಅಭ್ಯಾಸದ್ದು.

ವಿದ್ಯಾರ್ಥಿನಿ: ಒಂದೇ ಪತ್ರಿಕೆಯನ್ನು ಎಲ್ಲರೂ ಬರೆದಿದ್ದರೆ ಈ ವಾದ ಪೂರ್ತಿ ಒಪ್ಪುವಂಥದು. ಬೆಳಿಗ್ಗೆ ಎಂಟೂವರೆಯದು ಒಂದು ಪತ್ರಿಕೆ, ಮಧ್ಯಾಹ್ನ ಹನ್ನೆರಡೂವರೆಯದು ಇನ್ನೊಂದು, ಸಂಜೆ ನಾಲ್ಕೂವರೆಯದು ಮತ್ತೊಂದು ಎಂದಾಗ ಪಾಳಿಯ ಕಾಠಿಣ್ಯ ಮತ್ತೆ ಮುಖ್ಯವಾಗುತ್ತದಲ್ಲ?

ಅಧ್ಯಾಪಕಿ: ಆಗುತ್ತದೆ, ಮತ್ತು ಆ ತೊಂದರೆಯನ್ನು ಪರೀಕ್ಷೆ ಗೊತ್ತಿದ್ದೇ ತಂದುಕೊಂಡಿತು. ಕಾಗದದ ಮೇಲೆ ನಡೆಯುತ್ತಿದ್ದ ಕಾಲದಲ್ಲಿ ಇಡೀ ದೇಶಕ್ಕೆ ಒಂದೇ ದಿನ ಒಂದೇ ಪತ್ರಿಕೆ, ಹಾಗಾಗಿ ಹೋಲಿಕೆ ಸರಳವಾಗಿತ್ತು. ಆದರೆ 2003ರ ನವೆಂಬರಿನಲ್ಲಿ ಆ ಒಂದು ಪತ್ರಿಕೆ ಸೋರಿದ್ದರಿಂದ ಇಡೀ ಪರೀಕ್ಷೆಯೇ ರದ್ದಾಗಿ 2004ರ ಫೆಬ್ರವರಿಯಲ್ಲಿ ಮತ್ತೆ ನಡೆಸಬೇಕಾಯಿತು. 2009ರಲ್ಲಿ ಕಂಪ್ಯೂಟರಿಗೆ ಬದಲಾದಾಗ ಹತ್ತು ದಿನಗಳಿಗೆ ಹರಡಿ ಹಲವು ಪತ್ರಿಕೆಗಳನ್ನು ಬಳಸಿದರು, ಮೊದಲ ದಿನಗಳಲ್ಲೇ ಯಂತ್ರಗಳು ಕೈಕೊಟ್ಟು ಗದ್ದಲವೂ ಆಯಿತು. 2015ರಿಂದ ಒಂದೇ ದಿನದ ಎರಡು ಪಾಳಿಗಳು, 2020ರಿಂದ ಮೂರು. ಪತ್ರಿಕೆಗಳು ಒಂದಕ್ಕಿಂತ ಹೆಚ್ಚಾದ ಕೂಡಲೇ ಅಂಕಗಳನ್ನು ಸಮಗೊಳಿಸುವ ಕ್ರಮ ಅನಿವಾರ್ಯ. ಇದನ್ನು ನಾರ್ಮಲೈಸೇಶನ್ ಎನ್ನುತ್ತಾರೆ. ಗೇಟ್ ಪರೀಕ್ಷೆಯಲ್ಲಿ ಬಳಸುವ ಸೂತ್ರಕ್ಕೆ ಹತ್ತಿರವಾದ ಸೂತ್ರವನ್ನೇ ಇಲ್ಲೂ ಅನುಸರಿಸುತ್ತಾರೆ.

ವಿದ್ಯಾರ್ಥಿನಿ: ಆ ಸೂತ್ರವನ್ನು ನೋಡಿದವರೆಲ್ಲ ಗ್ರೀಕ್ ಅಕ್ಷರಗಳಿಗೆ ಹೆದರಿ ಪುಟ ಮಗುಚುತ್ತಾರೆ.

ಅಧ್ಯಾಪಕಿ: ಹೆದರಲು ಅಲ್ಲಿ ಏನೂ ಇಲ್ಲ. ಪ್ರತಿ ಪಾಳಿಯ ಪ್ರತಿ ವಿಭಾಗದಲ್ಲಿ ಎರಡು ಗುರುತುಗಳನ್ನು ಹಾಕಿಕೊಳ್ಳುತ್ತಾರೆ. ಒಂದು, ಆ ಪಾಳಿಯ ಸರಾಸರಿ ಅಂಕಕ್ಕೆ ಮಾನಕ ವಿಚಲನೆಯನ್ನು, ಅಂದರೆ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆಯನ್ನು ಕೂಡಿಸಿದಾಗ ಬರುವ ಗುರುತು. ಇನ್ನೊಂದು, ತುದಿಯ ಶೇಕಡಾ 0.1 ಮಂದಿಯ ಸರಾಸರಿ. ಇವೇ ಎರಡು ಗುರುತುಗಳನ್ನು ಎಲ್ಲ ಪಾಳಿಗಳ ಒಟ್ಟು ಜನರಿಗೂ ಕಂಡುಹಿಡಿದು, ಪಾಳಿಯ ಅಳತೆಗೋಲನ್ನು ಒಟ್ಟಿನ ಅಳತೆಗೋಲಿಗೆ ಹೊಂದುವಂತೆ ಎಳೆಯುತ್ತಾರೆ. ಕಲ್ಪಿತ ಅಂಕಿಗಳಲ್ಲಿ ಹೇಳುವುದಾದರೆ, ಒಂದು ಪಾಳಿಯಲ್ಲಿ ಕೆಳಗಿನ ಗುರುತು 25, ಮೇಲಿನದು 50 ಇದ್ದು, ಒಟ್ಟಿನಲ್ಲಿ ಅವು 29 ಮತ್ತು 53 ಇದ್ದರೆ ಆ ಪಾಳಿ ಬಿಗಿಯಾಗಿತ್ತೆಂದು ಅರ್ಥ. ಅಲ್ಲಿ 35 ಪಡೆದವರು ತಮ್ಮ ಕೆಳಗುರುತಿನಿಂದ ಹತ್ತು ಮೇಲಿದ್ದಾರೆ, ಆ ಹತ್ತನ್ನು 24/25ರಿಂದ ಗುಣಿಸಿದರೆ 9.6, ಅದಕ್ಕೆ 29 ಸೇರಿಸಿದರೆ 38.6. 3.6 ಅಂಕ ಹೆಚ್ಚು ಕೊಟ್ಟದ್ದು ಕರುಣೆಯಿಂದಲ್ಲ, ಆ ಪಾಳಿಯಲ್ಲಿ ಎಲ್ಲರೂ ಜಾರಿದ್ದಾರೆ ಎಂಬ ಸಾಕ್ಷ್ಯದಿಂದ.

ವಿದ್ಯಾರ್ಥಿನಿ: ಎಲ್ಲರೂ ಜಾರಿದ್ದು ಪತ್ರಿಕೆ ಬಿಗಿಯಾಗಿದ್ದರಿಂದಲೋ, ಆ ಪಾಳಿಗೆ ಬಂದವರೇ ದುರ್ಬಲರಾಗಿದ್ದರಿಂದಲೋ ಎಂದು ಸೂತ್ರಕ್ಕೆ ಹೇಗೆ ಗೊತ್ತಾಗಬೇಕು?

ಅಧ್ಯಾಪಕಿ: ಗೊತ್ತಾಗುವುದಿಲ್ಲ. ಮೂರು ಪಾಳಿಗಳಿಗೂ ಜನರನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ ಹಂಚಿದ್ದರೆ ಪ್ರತಿ ಪಾಳಿಯಲ್ಲೂ ಜಾಣರ ಪ್ರಮಾಣ ಹೆಚ್ಚುಕಡಿಮೆ ಒಂದೇ ಇರುತ್ತದೆ ಎಂಬ ಊಹೆಯ ಮೇಲೆ ಇಡೀ ಕಟ್ಟಡ ನಿಂತಿದೆ. 2024ರಲ್ಲಿದ್ದಂತೆ ಒಂದೊಂದು ಪಾಳಿಗೆ ತೊಂಬತ್ತು ಸಾವಿರಕ್ಕಿಂತ ಹೆಚ್ಚು ಮಂದಿ ಇರುವಾಗ ಆ ಊಹೆ ಗಟ್ಟಿಯಾದದ್ದೇ. ಹಾಗಾಗಿ ಪಾಳಿಯ ಬಗ್ಗೆ ಕೊರಗುವುದರಲ್ಲಿ ಅರ್ಥ ಕಡಿಮೆ. ತರಬೇತಿ ಸಂಸ್ಥೆಗಳು ಅದೇ ರಾತ್ರಿ 'ಇಷ್ಟು ಅಂಕಕ್ಕೆ ಇಷ್ಟು ಪರ್ಸೆಂಟೈಲ್' ಎಂದು ಪಟ್ಟಿ ಕೊಡುವಾಗ ಈ ಎರಡೂ ಗುರುತುಗಳು ಅವರ ಕೈಯಲ್ಲಿ ಇರುವುದಿಲ್ಲ ಎಂಬುದನ್ನಂತೂ ನೆನಪಿಡಬೇಕು. ಅವರದು ಅನುಭವದ ಅಂದಾಜು, ಕೆಲವೊಮ್ಮೆ ಒಳ್ಳೆಯ ಅಂದಾಜು, ಜೊತೆಗೆ ಮುಂದಿನ ವರ್ಷದ ತರಗತಿಗೆ ಜಾಹೀರಾತು.

ವಿದ್ಯಾರ್ಥಿನಿ: ಫಲಿತಾಂಶಕ್ಕೆ ಕಾಠಿಣ್ಯ ತಟ್ಟುವುದಿಲ್ಲ ಎಂದು ಒಪ್ಪಿದರೂ ಪರೀಕ್ಷಾ ಕೊಠಡಿಯಲ್ಲಿ ಅದು ತಟ್ಟುವುದು ಸುಳ್ಳಲ್ಲ. ಎರಡು ಗಂಟೆಯಲ್ಲಿ 68 ಪ್ರಶ್ನೆ ಎಂದರೆ ಪ್ರತಿಯೊಂದಕ್ಕೆ ಎರಡು ನಿಮಿಷವೂ ಸಿಗುವುದಿಲ್ಲ. ಹಿಂದೆ ಮೂರು ಗಂಟೆ ಕೊಡುತ್ತಿದ್ದರಂತೆ.

ಅಧ್ಯಾಪಕಿ: 2015ರಿಂದ 2019ರವರೆಗೆ 180 ನಿಮಿಷಕ್ಕೆ 100 ಪ್ರಶ್ನೆ, ಅಂದರೆ ಒಂದಕ್ಕೆ 108 ಸೆಕೆಂಡು. ಕೋವಿಡ್ ವರ್ಷವಾದ 2020ರಲ್ಲಿ ಅವಧಿಯನ್ನು 120 ನಿಮಿಷಕ್ಕೆ ಇಳಿಸಿ 76 ಪ್ರಶ್ನೆ ಕೊಟ್ಟಾಗ ಅದು 95 ಸೆಕೆಂಡಿಗೆ ಕುಸಿಯಿತು. ಮುಂದಿನ ವರ್ಷದಿಂದ ಪ್ರಶ್ನೆಗಳು 66 ಆದವು, 109 ಸೆಕೆಂಡು. 2024ರಲ್ಲಿ 68, ಅಂದರೆ ಸುಮಾರು 106. ಸರಾಸರಿಯನ್ನು ನೋಡಿದರೆ ಒಂದು ವರ್ಷದ ಏರುಪೇರು ಬಿಟ್ಟು ಏನೂ ಬದಲಾಗಿಲ್ಲ. ಬದಲಾದದ್ದು ಬೇರೆಯೇ ಒಂದು ಸಂಗತಿ. ಹಳೆಯ ಪತ್ರಿಕೆಯಲ್ಲಿ ದತ್ತಾಂಶ ವಿಶ್ಲೇಷಣೆ ಮತ್ತು ತರ್ಕದ ವಿಭಾಗಕ್ಕೆ 60 ನಿಮಿಷ, ನಾಲ್ಕು ನಾಲ್ಕು ಪ್ರಶ್ನೆಗಳ ಎಂಟು ಗುಚ್ಛಗಳು. ಗುಚ್ಛವೆಂದರೆ ಒಂದೇ ಕೋಷ್ಟಕವನ್ನೋ ಒಗಟನ್ನೋ ಆಧರಿಸಿದ ಪ್ರಶ್ನೆಗಳ ಗುಂಪು, ಹುಡುಗರು ಸೆಟ್ ಎನ್ನುತ್ತಾರೆ. 2023ರಲ್ಲಿ 40 ನಿಮಿಷ, ಐದೈದು ಪ್ರಶ್ನೆಗಳ ನಾಲ್ಕೇ ಸೆಟ್‌ಗಳು. 2024ರಲ್ಲಿ 22 ಪ್ರಶ್ನೆಗಳ ಐದು ಸೆಟ್‌ಗಳು. ಎಂಟರಲ್ಲಿ ನಾಲ್ಕನ್ನು ಆರಿಸಿಕೊಳ್ಳುವವನಿಗೆ ಒಂದು ತಪ್ಪು ಆಯ್ಕೆಯನ್ನು ತುಂಬಿಕೊಳ್ಳಲು ಇನ್ನೂ ನಾಲ್ಕಿರುತ್ತವೆ. ನಾಲ್ಕರಲ್ಲಿ ಎರಡನ್ನು ಆರಿಸಿಕೊಳ್ಳುವವನು ಮೊದಲನೆಯದರಲ್ಲೇ ಹದಿನೈದು ನಿಮಿಷ ಸಿಕ್ಕಿಬಿದ್ದರೆ ವಿಭಾಗವೇ ಮುಗಿದಂತೆ. ಇತ್ತೀಚಿನ ವರ್ಷಗಳ ತರ್ಕ ವಿಭಾಗ ಕಠಿಣವೆಂದು ಜನ ಹೇಳುವಾಗ ಒಗಟುಗಳು ಜಟಿಲವಾದದ್ದನ್ನು ಮಾತ್ರ ಹೇಳುತ್ತಾರೆ. ಆರಿಸಿಕೊಳ್ಳುವ ಅವಕಾಶ ಕುಗ್ಗಿದ್ದು ಅದಕ್ಕಿಂತ ದೊಡ್ಡ ಕಾರಣವೆಂದು ತೋರುತ್ತದೆ.

ವಿದ್ಯಾರ್ಥಿನಿ: ಅಂದರೆ ಇದು ಬಿಡಿಸುವ ಪರೀಕ್ಷೆಗಿಂತ ಬಿಡುವ ಪರೀಕ್ಷೆ.

ಅಧ್ಯಾಪಕಿ: ಹಾಗೆನ್ನಲು ಅಡ್ಡಿಯಿಲ್ಲ, ಮತ್ತು ಕಾಲವೂ ಕಾಠಿಣ್ಯದ ಒಂದು ಅಂಗವೆಂಬುದನ್ನು ಪರೀಕ್ಷೆ ನಡೆಸುವವರೇ ಒಪ್ಪಿಕೊಂಡಿದ್ದಾರೆ, ಅಂಗವೈಕಲ್ಯವುಳ್ಳ ಅಭ್ಯರ್ಥಿಗಳಿಗೆ ಪ್ರತಿ ವಿಭಾಗಕ್ಕೆ 13 ನಿಮಿಷ 20 ಸೆಕೆಂಡುಗಳನ್ನು, ಅಂದರೆ ನಲವತ್ತು ನಿಮಿಷದ ಮೂರನೆಯ ಒಂದು ಭಾಗವನ್ನು, ಹೆಚ್ಚಾಗಿ ಕೊಡುವ ನಿಯಮ ನಿಂತಿರುವುದು ಈ ತಿಳುವಳಿಕೆಯ ಮೇಲೆಯೇ. ಇನ್ನು ಬಿಡುವ ಲೆಕ್ಕ. ನಾಲ್ಕು ಆಯ್ಕೆಗಳ ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೆ ನಾಲ್ಕರಲ್ಲಿ ಒಂದು ಸಲ ಮೂರು ಅಂಕ ಬರುತ್ತದೆ, ಮೂರು ಸಲ ಒಂದೊಂದು ಹೋಗುತ್ತದೆ, ಕೂಡಿಸಿದರೆ ಸೊನ್ನೆ. ಊಹಿಸಿದರೆ ಲಾಭವೂ ಇಲ್ಲ ನಷ್ಟವೂ ಇಲ್ಲವೆನ್ನುವಂತೆ ಅಂಕಗಳನ್ನು ಅಳೆದು ಇಟ್ಟಿದ್ದಾರೆ. ಒಂದು ಆಯ್ಕೆ ಖಂಡಿತ ತಪ್ಪೆಂದು ತಿಳಿದರೆ ಊಹೆಯ ನಿರೀಕ್ಷಿತ ಮೌಲ್ಯ, ಅಂದರೆ ಇಂಥ ಸಂದರ್ಭ ಹಲವು ಸಲ ಬಂದರೆ ಸರಾಸರಿಯಾಗಿ ಸಿಗುವ ಅಂಕ, ಮೂರರಲ್ಲಿ ಒಂದು ಭಾಗ. ಎರಡು ಆಯ್ಕೆ ತಪ್ಪೆಂದು ತಿಳಿದರೆ ಪೂರ್ತಿ ಒಂದು. ಉತ್ತರವನ್ನು ಅಭ್ಯರ್ಥಿಯೇ ಬರೆಯಬೇಕಾದ, 2015ರಲ್ಲಿ ಬಂದ ಬಗೆಯ ಪ್ರಶ್ನೆಗಳಿಗೆ ತಪ್ಪಿದರೂ ಅಂಕ ಕಳೆಯುವುದಿಲ್ಲವಾದ್ದರಿಂದ ಅವುಗಳನ್ನು ಖಾಲಿ ಬಿಡುವುದು ಯಾವ ಲೆಕ್ಕದಲ್ಲೂ ಜಾಣತನವಲ್ಲ.

ವಿದ್ಯಾರ್ಥಿನಿ: ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಎಂಬಿಎ ಪ್ರವೇಶಕ್ಕೆ ನಡೆಸುವ ಪಿಜಿಸಿಇಟಿಯಲ್ಲಿ ನೂರು ಪ್ರಶ್ನೆಗಳಿದ್ದು ತಪ್ಪಿಗೆ ಕಡಿತವೇ ಇಲ್ಲ. ಅದು ಸುಲಭವೆಂದು ಎಲ್ಲರೂ ಹೇಳುತ್ತಾರೆ.

ಅಧ್ಯಾಪಕಿ: ಸುಲಭವೆಂಬುದು ಪ್ರಶ್ನೆಗಳ ಮಟ್ಟಕ್ಕೆ ಸರಿ. ಆದರೆ ಕಡಿತವಿಲ್ಲದ ಪರೀಕ್ಷೆಯಲ್ಲಿ ಎಲ್ಲರೂ ಎಲ್ಲಕ್ಕೂ ಗುರುತು ಹಾಕುತ್ತಾರೆ, ಅಂಕಗಳು ಮೇಲಿನ ತುದಿಯಲ್ಲಿ ಒತ್ತಾಗಿ ಸೇರಿಕೊಳ್ಳುತ್ತವೆ, ಒಂದೆರಡು ಅಂಕಕ್ಕೆ ರ‍್ಯಾಂಕು ಬಹಳ ಕೆಳಗೆ ಜಾರುತ್ತದೆ. ಸುಲಭ ಪತ್ರಿಕೆಯಲ್ಲಿ ಸಣ್ಣ ಎಡವಟ್ಟು ದುಬಾರಿ, ಕಠಿಣ ಪತ್ರಿಕೆಯಲ್ಲಿ ಅದು ಅಗ್ಗ. ಮಣಿಪಾಲದ ಟಿ.ಎ. ಪೈ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟಿಗೆ ಕ್ಯಾಟ್, ಕ್ಸ್ಯಾಟ್ ಮೊದಲಾದವುಗಳ ಅಂಕ ಬೇಕು, ರಾಜ್ಯದ ಸರಕಾರಿ ಕೋಟಾದ ಸೀಟುಗಳಿಗೆ ಪಿಜಿಸಿಇಟಿ ಬೇಕು. ಎರಡನ್ನೂ ಬರೆಯುವವಳು ಎರಡು ಬೇರೆ ಮನೋಧರ್ಮಗಳನ್ನು ಅಭ್ಯಾಸ ಮಾಡಿಕೊಳ್ಳಬೇಕಾಗುತ್ತದೆ ಎಂಬುದಷ್ಟೇ ಇಲ್ಲಿ ಹೇಳಬೇಕಾದ ಮಾತು. ಅಂದಹಾಗೆ, ಅತ್ಯಂತ ಕಠಿಣವಾದ ಪ್ರಶ್ನೆಯೂ ಪರೀಕ್ಷೆ ನಡೆಸುವವರಿಗೆ ನಿರುಪಯುಕ್ತವೇ. ಯಾರೂ ಬಿಡಿಸದ ಪ್ರಶ್ನೆ ಯಾರನ್ನೂ ಯಾರಿಂದಲೂ ಬೇರ್ಪಡಿಸುವುದಿಲ್ಲ. ತುದಿಯವರು ಬಿಡಿಸಿ, ನಡುವಿನವರು ಎಡವುವ ಪ್ರಶ್ನೆ ಅವರಿಗೆ ಬೇಕು. ಆ ಗುಣವನ್ನು ಭೇದಕ ಶಕ್ತಿ ಎಂದು ಕರೆಯಬಹುದು, ಮೇಲಿನ ಗುಂಪಿನಲ್ಲಿ ಸರಿಯುತ್ತರ ಕೊಟ್ಟವರ ಪ್ರಮಾಣದಿಂದ ಕೆಳಗಿನ ಗುಂಪಿನವರ ಪ್ರಮಾಣವನ್ನು ಕಳೆದರೆ ಅದರ ಸ್ಥೂಲ ಅಳತೆ ಸಿಗುತ್ತದೆ.

ವಿದ್ಯಾರ್ಥಿನಿ: ಮೇಡಂ, ಇಷ್ಟೂ ಹೊತ್ತು ಗುಂಪು, ಸರಾಸರಿ ಎಂದು ಮಾತು ನಡೆಯಿತು. ಆ ಗುಂಪಿನ ಒಳಗೆ ಯಾರಿದ್ದಾರೆ ಎಂಬುದನ್ನು ಈ ಲೆಕ್ಕ ಮುಚ್ಚಿಬಿಡುತ್ತದೆ. ಪಿಯುಸಿಯಲ್ಲಿ ಗಣಿತವನ್ನು ಬಿಟ್ಟು ವಾಣಿಜ್ಯ ಹಿಡಿದವರಿಗೂ, ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವರಿಗೂ ಒಂದೇ ಪತ್ರಿಕೆ. 2022ರಲ್ಲಿ ನೂರು ಪಡೆದ 11 ಮಂದಿಯೂ, 2023ರಲ್ಲಿ ಪಡೆದ 14 ಮಂದಿಯೂ ಗಂಡಸರು. 2024ರ ಹದಿನಾಲ್ಕರಲ್ಲಿ ಹೆಣ್ಣು ಒಬ್ಬಳೇ. ಇದನ್ನು ಕಾಠಿಣ್ಯವೆನ್ನದೆ ಬೇರೇನು ಎನ್ನಬೇಕು?

ಅಧ್ಯಾಪಕಿ: ನಿಜವಾಗಿ ಕೇಳಬೇಕಾದ ಪ್ರಶ್ನೆ ಇದೇ. ಪತ್ರಿಕೆ ಎಲ್ಲರಿಗೂ ಸಮವಾಗಿ ಕಠಿಣವಾದರೆ ಪರ್ಸೆಂಟೈಲ್ ಅದನ್ನು ನುಂಗಿಬಿಡುತ್ತದೆ. ಕೆಲವರಿಗೆ ಮಾತ್ರ ಕಠಿಣವಾದರೆ ಅದೇ ಪರ್ಸೆಂಟೈಲ್ ಆ ವ್ಯತ್ಯಾಸವನ್ನು ಸಾಮರ್ಥ್ಯದ ವ್ಯತ್ಯಾಸವೆಂದು ಹೆಸರಿಟ್ಟು ಹೊರಗೆ ತರುತ್ತದೆ. ಐಐಎಂಗಳಿಗೆ ಇದು ತಿಳಿಯದೆಯೇನೂ ಇಲ್ಲ. ಸಂದರ್ಶನಕ್ಕೆ ಕರೆಯುವಾಗ ಹತ್ತನೆಯ, ಹನ್ನೆರಡನೆಯ ತರಗತಿಯ ಮತ್ತು ಪದವಿಯ ಅಂಕಗಳನ್ನೂ, ಕೆಲಸದ ಅನುಭವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು, ಹಲವು ಕಡೆ ಮಹಿಳೆಯರಿಗೆ ಮತ್ತು ಇಂಜಿನಿಯರಿಂಗ್ ಓದದವರಿಗೆ ಒಂದಿಷ್ಟು ಹೆಚ್ಚುವರಿ ಅಂಕ ಕೊಡುವುದು ಅದನ್ನು ಸರಿದೂಗಿಸಲಿಕ್ಕೆ. ಆದರೂ ಪ್ರತಿ ವಿಭಾಗದಲ್ಲೂ ಕನಿಷ್ಠ ಪರ್ಸೆಂಟೈಲ್ ದಾಟಬೇಕೆಂಬ ನಿಯಮವಿರುವುದರಿಂದ ಒಂದು ವಿಭಾಗದಲ್ಲಿ ಹಿಂದೆ ಬಿದ್ದವರಿಗೆ ಆ ಹೆಚ್ಚುವರಿ ಅಂಕಗಳವರೆಗೆ ತಲುಪುವುದೇ ಆಗುವುದಿಲ್ಲ. ಗಣಿತದ ವಿಷಯ ಹೇಳುವುದಾದರೆ, ಅಲ್ಲಿ ಬರುವ ಅನುಪಾತ, ವೇಗ, ಬಡ್ಡಿ, ಬೀಜಗಣಿತಗಳೆಲ್ಲ ಬಹುಪಾಲು ಹತ್ತನೆಯ ತರಗತಿಯ ಒಳಗಿನವು. ಐದಾರು ವರ್ಷದ ತುಕ್ಕನ್ನು ಆರು ತಿಂಗಳಲ್ಲಿ ಉಜ್ಜಿ ತೆಗೆಯಬಹುದು. ಭಾಷೆಯ ವಿಭಾಗ ಹಾಗಲ್ಲ.

ವಿದ್ಯಾರ್ಥಿನಿ: ಆ ವಿಭಾಗ ಅಂಕ ತರುವುದೆಂದು ಬೆಂಗಳೂರಿನ ಗೆಳತಿಯರು ಹೇಳುತ್ತಾರೆ. ಇಲ್ಲಿ ಹಾಗೆ ಹೇಳುವವರು ಕಡಿಮೆ.

ಅಧ್ಯಾಪಕಿ: ಕಡಿಮೆಯಾಗಿರುವುದು ಆಶ್ಚರ್ಯವಲ್ಲ. ವಿಶ್ವ ಕೊಂಕಣಿ ಕೇಂದ್ರವೂ ಕಲಾಂಗಣವೂ ಇರುವ ಈ ಶಕ್ತಿನಗರದಲ್ಲೇ ನೋಡಿದರೆ, ಒಂದು ಮಗು ಮನೆಯಲ್ಲಿ ಕೊಂಕಣಿಯನ್ನೋ ತುಳುವನ್ನೋ ಆಡಿ, ನೆರೆಯವರೊಡನೆ ಇನ್ನೊಂದು ಭಾಷೆಯನ್ನು ಬಳಸಿ, ಶಾಲೆಯಲ್ಲಿ ಕನ್ನಡ ಓದಿ, ಪಾಠ ಕೇಳುವುದಕ್ಕೆ ಇಂಗ್ಲಿಷನ್ನು ಇಟ್ಟುಕೊಳ್ಳುತ್ತದೆ. ಬುದ್ಧಿಗೆ ಇದು ಸಂಪತ್ತು. ಆದರೆ ನಲವತ್ತು ನಿಮಿಷದ ಗಡಿಯಾರ ಈ ಸಂಪತ್ತನ್ನು ಎಣಿಸುವುದಿಲ್ಲ. ಆ ವಿಭಾಗದ 24 ಪ್ರಶ್ನೆಗಳಲ್ಲಿ 16 ಪ್ರಶ್ನೆಗಳು ನಾಲ್ಕು ಗದ್ಯಭಾಗಗಳನ್ನು ಓದಿ ಉತ್ತರಿಸುವಂಥವು, ಗದ್ಯಭಾಗಗಳು ತತ್ತ್ವಶಾಸ್ತ್ರ, ಮಾನವಶಾಸ್ತ್ರ, ಪರಿಸರ, ಕಲಾವಿಮರ್ಶೆಗಳ ಇಂಗ್ಲಿಷ್ ಪ್ರಬಂಧಗಳ ಧಾಟಿಯವು. ಅಂಥ ಗದ್ಯವನ್ನು ಚಿಕ್ಕಂದಿನಿಂದ ಮನೆಯಲ್ಲಿ ಓದುತ್ತ ಬಂದವರು ಮೂರು ನಿಮಿಷದಲ್ಲಿ ಮುಗಿಸುವುದನ್ನು ಪಠ್ಯಪುಸ್ತಕದ ಇಂಗ್ಲಿಷಿನಲ್ಲಿ ಬೆಳೆದವರು ಆರು ನಿಮಿಷದಲ್ಲಿ, ಅಷ್ಟೇ ಸರಿಯಾಗಿ, ಅರ್ಥ ಮಾಡಿಕೊಳ್ಳುತ್ತಾರೆ. ಅರ್ಥ ಮಾಡಿಕೊಳ್ಳುವ ಸಾಮರ್ಥ್ಯ ಇಬ್ಬರಲ್ಲೂ ಸಮ, ಪರ್ಸೆಂಟೈಲ್ ಬೇರೆ.

ವಿದ್ಯಾರ್ಥಿನಿ: ಇದನ್ನು ಪೂರ್ತಿ ಒಪ್ಪಲಾಗದು. ಇಂಗ್ಲಿಷಿನಲ್ಲೇ ನಡೆಯುವ ಕ್ಯಾಟ್‌ನಂತಲ್ಲದೆ ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ನಡೆಯುತ್ತಿದೆ, ಗ್ರಾಮೀಣ ಬ್ಯಾಂಕುಗಳ ನೇಮಕಾತಿಗೂ ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಸಿಗುತ್ತದೆ, ನಿಜ. ಭೌತಶಾಸ್ತ್ರದ ಲೆಕ್ಕ ಯಾವ ಭಾಷೆಯಲ್ಲಾದರೂ ಲೆಕ್ಕವೇ. ಆದರೆ ಐಐಎಂ ತರಗತಿಯಲ್ಲಿ ದಿನವೂ ನೂರು ಪುಟ ಇಂಗ್ಲಿಷ್ ಓದಿ ಮರುದಿನ ಚರ್ಚಿಸಬೇಕಾದವರಿಗೆ ಇಂಗ್ಲಿಷ್ ಓದಿನ ವೇಗವೂ ಬೇಕಾದ ಸಾಮರ್ಥ್ಯವೇ ಅಲ್ಲವೇ? ಅದನ್ನು ಅಳೆದರೆ ಅನ್ಯಾಯವೆಂದು ಹೇಗೆ ಹೇಳುವುದು?

ಅಧ್ಯಾಪಕಿ: ಆಕ್ಷೇಪ ಬಲವಾಗಿದೆ, ಭಾಷೆಯ ವಿಭಾಗದ ಮಟ್ಟಿಗೆ ಒಪ್ಪಬೇಕಾದದ್ದೂ ಹೌದು. ತರ್ಕ ಮತ್ತು ಗಣಿತದ ವಿಭಾಗಗಳ ಮಟ್ಟಿಗೆ ಅದು ನಿಲ್ಲುವುದಿಲ್ಲ. ಅಲ್ಲಿನ ಒಂದು ಸೆಟ್ ಶುರುವಾಗುವುದೇ ಹತ್ತು ಹದಿನೈದು ಸಾಲಿನ ಷರತ್ತುಗಳಿಂದ, ಯಾರು ಯಾರ ಎಡಕ್ಕೆ, ಯಾವ ಅಂಗಡಿಯಲ್ಲಿ ಯಾವ ತಿಂಗಳು ಎಷ್ಟು ಮಾರಾಟ ಎಂಬ ವಿವರಗಳಿಂದ. ಅದೂ ಇಂಗ್ಲಿಷಿನ ಓದೇ ಆದ್ದರಿಂದ ಒಂದು ಕೊರತೆಯನ್ನು ಮೂರು ವಿಭಾಗಗಳಲ್ಲಿ ಮೂರು ಸಲ ಅಳೆದಂತಾಯಿತು. ಬ್ಯಾಂಕುಗಳ ತವರೆನಿಸಿದ, ಕೆನರಾ ಬ್ಯಾಂಕು, ಕಾರ್ಪೊರೇಶನ್ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು, ಕರ್ಣಾಟಕ ಬ್ಯಾಂಕು, ವಿಜಯಾ ಬ್ಯಾಂಕುಗಳನ್ನು 1906ರಿಂದ 1931ರೊಳಗೆ ಹುಟ್ಟಿಸಿದ ಈ ಕರಾವಳಿಯಲ್ಲಿ ವ್ಯವಹಾರದ ತರ್ಕ ಇಂಗ್ಲಿಷ್ ಗದ್ಯವನ್ನು ಕಾದು ಕುಳಿತಿರಲಿಲ್ಲ ಎಂಬುದನ್ನೂ ಸೇರಿಸಬಹುದು. ಆದರೆ ಅದು ಅಭಿಮಾನದ ಮಾತು, ಪ್ರಮಾಣವಲ್ಲ. ಪ್ರಮಾಣ ಐಐಎಂಗಳ ಕೈಯಲ್ಲೇ ಇದೆ. ಎರಡೂಮುಕ್ಕಾಲು, ಮೂರು ಲಕ್ಷ ಮಂದಿಯ ಪ್ರತಿಯೊಂದು ಉತ್ತರವೂ ಕಂಪ್ಯೂಟರಿನಲ್ಲಿ ದಾಖಲಾಗಿದೆ. ಅವರು ಪ್ರಕಟಿಸುವುದು ಉತ್ತರಪಟ್ಟಿಯನ್ನು, ಸಮಗೊಳಿಸಿದ ಅಂಕವನ್ನು, ಪರ್ಸೆಂಟೈಲನ್ನು. ಪ್ರಶ್ನೆವಾರು ಎಷ್ಟು ಮಂದಿ ಯತ್ನಿಸಿದರು, ಎಷ್ಟು ಮಂದಿಗೆ ಸರಿಯಾಯಿತು ಎಂಬುದನ್ನಲ್ಲ. ಒಂದೇ ಒಟ್ಟು ಅಂಕ ಪಡೆದ ಇಬ್ಬರು, ಒಬ್ಬರು ಕನ್ನಡ ಮಾಧ್ಯಮದಿಂದಲೂ ಇನ್ನೊಬ್ಬರು ಇಂಗ್ಲಿಷ್ ಮಾಧ್ಯಮದಿಂದಲೂ ಬಂದವರು, ಒಂದು ನಿರ್ದಿಷ್ಟ ಪ್ರಶ್ನೆಯಲ್ಲಿ ಮಾತ್ರ ಬೇರೆಯಾಗಿ ನಡೆದುಕೊಂಡರೆ ಆ ಪ್ರಶ್ನೆ ಒಂದು ಗುಂಪಿಗೆ ಓರೆಯಾಗಿದೆ ಎಂದು ಗುರುತಿಸುವ ವಿಧಾನಗಳು ಪರೀಕ್ಷಾಶಾಸ್ತ್ರದಲ್ಲಿ ದಶಕಗಳಿಂದ ಬಳಕೆಯಲ್ಲಿವೆ. ಆ ಲೆಕ್ಕ ಹೊರಬಂದರೆ ಭಾಷೆಯ ಕುರಿತ ಈ ವಾದ ಅರ್ಧ ಗಂಟೆಯಲ್ಲಿ ಬಗೆಹರಿಯುತ್ತದೆ, ಮತ್ತು ಅದು ಯಾರ ಪರವಾಗಿ ಬಗೆಹರಿಯುತ್ತದೆಂದು ಮೊದಲೇ ಹೇಳುವುದು ಸರಿಯಲ್ಲ.

ವಿದ್ಯಾರ್ಥಿನಿ: ಅವರು ಕೊಡುವವರೆಗೆ ಸಂಜೆಯ ವಿಶ್ಲೇಷಣೆಗಳನ್ನೇ ಓದುತ್ತಿರಬೇಕೇ?

ಅಧ್ಯಾಪಕಿ: ಓದಿದರೆ ನಷ್ಟವಿಲ್ಲ, ಕುತೂಹಲ ತಣಿಯುತ್ತದೆ. ಆದರೆ ನಿನ್ನ ಕೈಯಲ್ಲೇ ಇರುವ ಒಂದು ಸಣ್ಣ ಲೆಕ್ಕ ಅವೆಲ್ಲಕ್ಕಿಂತ ಹೆಚ್ಚು ಉಪಯೋಗದ್ದು. ಪ್ರತಿ ಮಾಕ್ ಟೆಸ್ಟ್ ಆದ ಮೇಲೆ ಪ್ರಶ್ನೆಗಳನ್ನು ಅವುಗಳ ಬಗೆಗೆ ತಕ್ಕಂತೆ, ಅನುಪಾತ, ರೇಖಾಗಣಿತ, ಕೋಷ್ಟಕದ ಸೆಟ್, ಆಸನಕ್ರಮದ ಸೆಟ್, ಗದ್ಯಭಾಗ ಎಂದು ವಿಂಗಡಿಸಿ, ಪ್ರತಿಯೊಂದು ಬಗೆಯಲ್ಲಿ ಯತ್ನಿಸಿದ್ದೆಷ್ಟು, ಸರಿಯಾದದ್ದೆಷ್ಟು, ಹಿಡಿದ ನಿಮಿಷಗಳೆಷ್ಟು ಎಂದು ಬರೆದಿಡಬೇಕು. ಹತ್ತು ಮಾಕ್‌ಗಳಾದ ಮೇಲೆ ಪ್ರತಿ ಬಗೆಗೂ ಒಂದು ಸೂಚಿ ಸಿಗುತ್ತದೆ. ಅದು ಮೂರು ಲಕ್ಷ ಮಂದಿಯ ಸೂಚಿಯಲ್ಲ, ಒಬ್ಬಳದೇ ಸೂಚಿ. ಮಾಕ್ ಕೊಡುವ ಪರ್ಸೆಂಟೈಲನ್ನು ಮಾತ್ರ ಹೆಚ್ಚು ನಂಬಬೇಡ, ಅಲ್ಲಿ ಕುಳಿತ ಗುಂಪು ನವೆಂಬರಿನಲ್ಲಿ ಕುಳಿತುಕೊಳ್ಳುವ ಗುಂಪಲ್ಲ.

ವಿದ್ಯಾರ್ಥಿನಿ: ಬಿಟ್ಟ ಪ್ರಶ್ನೆಗಳನ್ನೂ ಬರೆದಿಡಬೇಕೇ? ಅವುಗಳಿಗೆ ಅಂಕವೂ ಇಲ್ಲ, ಕಡಿತವೂ ಇಲ್ಲ.

ಅಧ್ಯಾಪಕಿ: ಅವುಗಳನ್ನೇ ಮೊದಲು ಬರೆದಿಡಬೇಕು. ಬಿಟ್ಟ ಪ್ರತಿ ಸೆಟ್ಟನ್ನೂ ಮರುದಿನ ಗಡಿಯಾರವಿಲ್ಲದೆ ಬಿಡಿಸಿ ನೋಡಿ, ಹತ್ತು ನಿಮಿಷದೊಳಗೆ ಮುಗಿದದ್ದಕ್ಕೆ ಒಂದು ಗುರುತು, ಮುಗಿಯದ್ದಕ್ಕೆ ಇನ್ನೊಂದು ಗುರುತು ಹಾಕಬೇಕು. ಮೊದಲ ಗುರುತಿನವು ಹೆಚ್ಚಾದರೆ ಕೊರತೆ ತರ್ಕದಲ್ಲಲ್ಲ, ಆರಂಭದ ಎರಡು ನಿಮಿಷಗಳಲ್ಲಿ ಸೆಟ್ಟನ್ನು ಓದಿ ಅಳೆಯುವುದರಲ್ಲಿ. ಎರಡನೆಯವು ಹೆಚ್ಚಾದರೆ ಬಿಟ್ಟದ್ದು ಸರಿಯಾಗಿತ್ತು, ಆ ಬಗೆಯ ಸೆಟ್‌ಗಳನ್ನು ಇನ್ನಷ್ಟು ಬಿಡಿಸಿ ಅಭ್ಯಾಸ ಮಾಡುವುದಷ್ಟೇ ಬಾಕಿ.